ಇಪ್ಪತ್ತು ವರ್ಷದ ಮಾರುತಿ 800: ಓಡಿಸೋದಾ, ಗುಜರಿಗೆ ಹಾಕೋದಾ?

ಓದುಗರ ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಿಂದ 13 ಕಿ.ಮೀ. ದೂರದ ಶಾಲೆಯಲ್ಲಿ ಟೀಚರ್. ನಮ್ಮ ಮಾವನವರು 2006ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಹೊಸದಾಗಿ ತೆಗೆದುಕೊಂಡ ಮಾರುತಿ 800 ಮನೆಯಲ್ಲಿದೆ. ಓಡಿರುವುದು 71 ಸಾವಿರ ಕಿ.ಮೀ. ಮಾತ್ರ. ಅವರಿಗೆ ಕಣ್ಣು ಮಂಜಾದ ಮೇಲೆ ಎರಡು ವರ್ಷದಿಂದ ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಭಾನುವಾರ ಮೈದುನ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾನೆ. ನಾನೀಗ ಡ್ರೈವಿಂಗ್ ಕಲಿತಿದ್ದೇನೆ, ಲೈಸೆನ್ಸೂ ಬಂತು. ಬಸ್ಸಿಗೆ ಕಾಯುವ ಬದಲು ಇದನ್ನೇ ಶಾಲೆಗೆ ಓಡಿಸೋಣ ಅಂತ ಆಸೆ. ತಿಂಗಳಿಗೊಮ್ಮೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ತವರಿಗೂ ಹೋಗಬೇಕು. ಆದರೆ ಮಳೆ ಹಿಡಿದ ಬೆಳಗ್ಗೆ ಸ್ಟಾರ್ಟ್ ಆಗಲ್ಲ. ಹ್ಯಾಂಡ್‌ಬ್ರೇಕ್ ತೆಗೆದರೂ ಹಿಂದಿನ ಚಕ್ರ ಹಿಡಿದುಕೊಂಡಿರುತ್ತದೆ. ಒಳಗೆ ಬೂಷ್ಟಿನ ವಾಸನೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ನೆಲದಲ್ಲಿ ಬೆರಳು ತೂರುವಷ್ಟು ತೂತು. ಮಾವ, 'ಜಪಾನ್ ಇಂಜಿನ್, ಆಗಿನ ಗಟ್ಟಿ ತಗಡು, ಏನೂ ಆಗಲ್ಲ' ಅನ್ನುತ್ತಾರೆ. ನಮ್ಮ ಮನೆಯವರು, '15 ವರ್ಷ ದಾಟಿದ ಗಾಡೀನ ಸರ್ಕಾರವೇ ಪುಡಿ ಮಾಡುತ್ತೆ, ಈಗಿನ ಪೆಟ್ರೋಲೂ ಇದಕ್ಕೆ ಆಗಲ್ಲ, ಗುಜರಿಯವನು 22 ಸಾವಿರ ಕೊಡ್ತಾನಂತೆ, ಕೊಟ್ಟುಬಿಡೋಣ' ಅನ್ನುತ್ತಾರೆ. ಆರ್‌ಸಿ ನವೆಂಬರಿಗೆ ಮುಗಿಯುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಅರ್ಧ ಸರಿ, ಅರ್ಧ ತಪ್ಪು ಮೇಡಂ.

ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟು ನನಗೆ ಮೂವತ್ತು ವರ್ಷ ದಾಟಿತು. ಎಷ್ಟು 800 ಬಿಚ್ಚಿ ಜೋಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ನಿಮ್ಮ ಪತ್ರದಲ್ಲಿ ಸ್ಟಾರ್ಟಿಂಗ್, ಪೆಟ್ರೋಲು, ಆರ್‌ಸಿ ಎಲ್ಲಾ ಆರಾಮಾಗಿ ದಾಟಿಕೊಂಡು ಬಂದೆ. ಡಿಕ್ಕಿಯ ತೂತಿನ ಹತ್ತಿರ ನಿಂತೆ. ಈ ಕಾರಿನ ಹಣೆಬರಹ ಇರುವುದು ಅಲ್ಲಿ, ಇಂಜಿನ್ನಿನಲ್ಲಿ ಅಲ್ಲ. ಮಲೆನಾಡಿನಲ್ಲಿ ಓಡಿ ಓಡಿ ಕೆಟ್ಟ ಕಾರು ನನ್ನ ಹತ್ತಿರ ಕಮ್ಮಿ ಬರುತ್ತದೆ. ನಿಂತು ಕೆಟ್ಟದ್ದೇ ಜಾಸ್ತಿ.

ಒಂದು ಕೇಳುತ್ತೇನೆ. ಮಾವನವರು ಮೈಲುತುತ್ತದ (ಅದೇ, ತಾಮ್ರದ ಸಲ್ಫೇಟ್) ಚೀಲವನ್ನು ಈ ಡಿಕ್ಕಿಯಲ್ಲೇ ತರುತ್ತಿದ್ದರಾ?

ತೋಟ ಇರುವ ಮನೆಯ ಕಾರು ಬಂದರೆ ನಾನು ಬಾನೆಟ್ ತೆಗೆಯುವ ಮುಂಚೆ ಡಿಕ್ಕಿಯ ಮ್ಯಾಟ್ ಎತ್ತುತ್ತೇನೆ. ಮೂಲೆಯಲ್ಲಿ ನೀಲಿ ಹಸಿರು ಕಲೆ ಕಂಡರೆ ಕಥೆ ಗೊತ್ತಾಯಿತು ಅಂತ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮುಂಚೆ ಮಾವನವರು ದ್ರಾವಣಕ್ಕೆ ಚಾಕು ಅದ್ದಿ ನೋಡುವುದನ್ನು ನೀವೂ ಕಂಡಿರುತ್ತೀರಿ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಸಾಲದೇ ಹೋದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ ಅಲ್ವಾ? ತಾಮ್ರ ಸುಮ್ನೆ ಬಂದು ಕೂರುವುದಿಲ್ಲ. ಅದು ಕೂತ ಲೆಕ್ಕಕ್ಕೆ ಚಾಕುವಿನ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಕಾರಿನ ನೆಲದಲ್ಲಿ ಆಗುವುದೂ ಇದೇ. ಚೀಲದಿಂದ ಒಂದು ಹಿಡಿ ಪುಡಿ ಚೆಲ್ಲಿದರೆ ಸಾಕು. ಒದ್ದೆ ಮ್ಯಾಟ್ ಕೆಳಗೆ ಅದು ಕರಗಿ, ಪೇಂಟು ಗೀಚಿದ ಜಾಗ ಹುಡುಕಿಕೊಂಡು ಹೋಗಿ, ತಗಡನ್ನು ತಿನ್ನುತ್ತಾ ಕೂರುತ್ತದೆ. ರಸಗೊಬ್ಬರವೂ ಉಪ್ಪೇ, ಅದೂ ಹೀಗೇ. ಅದಕ್ಕೇ ಹೇಳುವುದು, ಕಾರು ಉಳಿಸಿಕೊಂಡರೆ ಮೈಲುತುತ್ತಕ್ಕೆ ಆಟೋ ಹೇಳಿ, ಅಥವಾ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತನ್ನಿ. ಬೋರ್ಡೋ ಹೊಡೆಯುವ ಪಂಪಿನಲ್ಲೇ ಕಾರು ತೊಳೆಯುವ ಅಭ್ಯಾಸ ಕೆಲವು ಮನೆಯಲ್ಲಿದೆ. ಅದು ಬೇಡವೇ ಬೇಡ.

ಈಗ ಮಾವನವರ ಮಾತಿಗೆ ಬರುತ್ತೇನೆ. ಇಂಜಿನ್ ಬಗ್ಗೆ ಅವರು ಹೇಳಿದ್ದು ನಿಜ. ಸುಜುಕಿಯವರ ಮೂಲ ಕಸುಬು ಕಾರಲ್ಲ, ಮಗ್ಗ. ಮಿಚಿಯೊ ಸುಜುಕಿ ಅನ್ನುವವರು 1909ರಲ್ಲಿ ಜಪಾನಿನ ಹಮಾಮತ್ಸುವಿನಲ್ಲಿ ನೇಯ್ಗೆ ಮಗ್ಗ ಮಾಡಲು ಶುರು ಮಾಡಿದರು. ಅವರ ಕಂಪನಿಯ ಮೊದಲ ಕಾರು ಸುಜುಲೈಟ್ ಬಂದದ್ದು 1955ರಲ್ಲಿ. ಅಲ್ಲಿನ ಸಣ್ಣ ಕಾರುಗಳಿಗೆ ಇಂಜಿನ್ ಇಷ್ಟೇ ಇರಬೇಕು ಅಂತ ಸರ್ಕಾರದ ಮಿತಿ ಇತ್ತು. 1976ರಿಂದ ಅದು 550 ಸಿಸಿ. ಹಗುರ ಬಾಡಿ, ಪುಟ್ಟ ಇಂಜಿನ್, ಕಮ್ಮಿ ಪೆಟ್ರೋಲು, ಈ ಲೆಕ್ಕಾಚಾರದಲ್ಲಿ ಅವರು ಪಳಗಿದ್ದರು. 1982ರಲ್ಲಿ ನಮ್ಮ ಮಾರುತಿ ಉದ್ಯೋಗ್ ಜತೆ ಒಪ್ಪಂದ ಆಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟರು. ನಮ್ಮ ದೇಶಕ್ಕೆ ಬಂದ ಇಂಜಿನ್ 796 ಸಿಸಿ, ಮೂರು ಸಿಲಿಂಡರ್. ನಿಮ್ಮ ಕಾರಿನ ಮೈಕಟ್ಟು 1986ರಲ್ಲಿ ಬಂದದ್ದು. ಮುಂದೆ ಮೂತಿ, ಲೈಟು ಬದಲಾದವು, ಕಾರ್ಬೊರೇಟರ್ ಹೋಗಿ ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಬಂತು, ಎಲುಬು ಮಾತ್ರ ಅದೇ. ನಿಮ್ಮ ಆರ್‌ಸಿ ತೆಗೆದು ನೋಡಿ, ತಯಾರಕರ ಹೆಸರು ಮಾರುತಿ ಉದ್ಯೋಗ್ ಅಂತ ಇರುತ್ತದೆ. ಮಾರುತಿ ಸುಜುಕಿ ಅಂತ ಹೆಸರು ಬದಲಾದದ್ದು 2007ರಲ್ಲಿ. 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೆ ಅದೇ 796 ಸಿಸಿ ಕುಟುಂಬದ ಇಂಜಿನ್ ಓಮ್ನಿಯಲ್ಲೂ ಆಲ್ಟೊದಲ್ಲೂ ಇತ್ತು. ಹಾಗಾಗಿ ಪ್ಲಗ್ಗು, ಫಿಲ್ಟರು, ವಾಟರ್ ಪಂಪು, ಗ್ಯಾಸ್ಕೆಟ್ಟು ಇವಕ್ಕೆಲ್ಲ ನೀವು ಪರದಾಡಬೇಕಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರೆ ಮಧ್ಯಾಹ್ನದ ಊಟದೊಳಗೆ ಸಿಗುತ್ತವೆ. 71 ಸಾವಿರ ಕಿ.ಮೀ. ಈ ಇಂಜಿನ್ನಿಗೆ ಏನೂ ಅಲ್ಲ.

'ಆಗಿನ ಗಟ್ಟಿ ತಗಡು' ಅನ್ನುವುದು ಮಾತ್ರ ಸುಳ್ಳು. ಇಡೀ ಕಾರು 650 ಕೆ.ಜಿ. ಚಿಲ್ಲರೆ. ಅಂಬಾಸಿಡರ್ ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ ತೂಗುತ್ತಿತ್ತು. ತೂಕ ಎಲ್ಲಿ ಉಳಿಸಿದರು ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ವಿಷಯ. ಹಳೇ ಜೀಪಿಗೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಕೊಳೆತು ಉದುರಿದರೂ ಚಾಸಿ ಮೇಲೆ ಓಡುತ್ತದೆ. 800ಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಮುಂದಿನ ಚಕ್ರದ ಒಳಬದಿಯ ತಗಡು (ಏಪ್ರನ್), ಎಲ್ಲಾ ಸೇರಿ ಚಾಸಿ. ಹಾಗಾಗಿ ತುಕ್ಕು ಎಲ್ಲಿ ಹಿಡಿದಿದೆ ಅನ್ನುವುದು ಮುಖ್ಯ.

ಡಿಕ್ಕಿ ನೆಲದ ನಡುವೆ ತೂತಾದರೆ ಕೊಳೆತ ತಗಡು ಕತ್ತರಿಸಿ ಹೊಸ ಪ್ಯಾಚ್ ವೆಲ್ಡಿಂಗ್ ಮಾಡಿದರೆ ಮುಗಿಯಿತು. ಅದೇ ತುಕ್ಕು ಹಿಂದಿನ ಸಸ್ಪೆನ್ಶನ್ ಬೋಲ್ಟ್ ಹಿಡಿದಿರುವ ಜಾಗದಲ್ಲಿದ್ದರೆ, ಅಥವಾ ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂತಿರುವ ಕಡೆ ಇದ್ದರೆ, ನಾನು ಕೈ ಮುಗಿದು ಬೇಡ ಅನ್ನುತ್ತೇನೆ. ಘಾಟಿಯ ಒಂದು ಗುಂಡಿಗೆ ಬಿದ್ದಾಗ ಆ ಜಾಗ ಹರಿದರೆ ಕಾರು ನಿಮ್ಮ ಕೈಯಲ್ಲಿ ಇರುವುದಿಲ್ಲ.

ನೋಡುವುದು ಹೇಗೆ? ಜಾಕ್ ಮೇಲೆ ನಿಲ್ಲಿಸಿದ ಕಾರಿನಡಿ ಯಾರೂ ತೂರಬೇಡಿ. ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ದು ಮೇಲೆತ್ತಿಸಿ, ನೀವೂ ಕೆಳಗೆ ನಿಂತು ನೋಡಿ. ಮೊಂಡು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಲು ಹೇಳಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ ಅನ್ನುತ್ತದೆ. ಅನುಮಾನ ಬಂದಲ್ಲಿ ತುದಿಯಿಂದ ಒತ್ತಿಸಿ. ತೂತಾಗಿಬಿಡುತ್ತೆ ಅಂತ ಮೆಕ್ಯಾನಿಕ್ ಹಿಂಜರಿದರೆ, ಆಗಲಿ, ಒತ್ತಿ ಅನ್ನಿ. ಬಾಗಿಲ ಕೆಳಭಾಗಕ್ಕೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಅಂಟದ ಕಡೆ ಒಳಗೆ ಪುಟ್ಟಿ ತುಂಬಿದೆ ಅಂತ ಅರ್ಥ.

ಕೆಳಗಡೆ ಅಂಡರ್ ಕೋಟಿಂಗ್ ಮಾಡಿಸಿದರೆ ಎಲ್ಲಾ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಸ ಕಾರಿಗೆ ಒಳ್ಳೆಯದು. ತುಕ್ಕು ಹಿಡಿದದ್ದರ ಮೇಲೆ ಕಪ್ಪು ಬಳಿದರೆ ಒಳಗಿನ ಪಸೆ ಹೊರಗೆ ಬರಲಾಗದೆ, ನಮ್ಮ ಕಣ್ಣಿಗೂ ಬೀಳದೆ, ಒಳಗೊಳಗೇ ತಿನ್ನುತ್ತದೆ. ಕೆರೆದು, ತುಕ್ಕು ಬಿಡಿಸಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಕೋಟಿಂಗ್. ಅದೂ ಬಿಸಿಲು ಕಾಲದಲ್ಲಿ. ನಮ್ಮ ಕಡೆ ಹಿಂದೆ ಸುಟ್ಟ ಆಯಿಲ್ ಹೊಡೆಯುತ್ತಿದ್ದರು. ನಾನೂ ಹೊಡೆದಿದ್ದೇನೆ. ತುಕ್ಕಿಗೆ ಸ್ವಲ್ಪ ತಡೆ ಆಗುತ್ತದೆ ನಿಜ, ಆದರೆ ರಬ್ಬರ್ ಬುಷ್ ಎಲ್ಲಾ ಉಬ್ಬಿ ಹಾಳಾಗುತ್ತವೆ, ತೊಟ್ಟಿಕ್ಕಿದ ಆಯಿಲ್ ಮಳೆ ನೀರಿನ ಜತೆ ಬಾವಿ ಕಡೆಗೇ ಹೋಗುತ್ತದೆ. ಈಗ ಮಾಡುವುದಿಲ್ಲ.

ಬೂಷ್ಟಿನ ವಾಸನೆಗೆ ಸುಗಂಧದ ಡಬ್ಬಿ ತಂದಿಡಬೇಡಿ. ಮ್ಯಾಟ್ ಕೆಳಗಿನ ದಪ್ಪ ಹಾಸು ಕಿತ್ತು ಹಿಂಡಿ ನೋಡಿ, ನೀರು ಬರುತ್ತದೆ. ನೀರು ಬರುವ ದಾರಿ ಎರಡು. ಒಂದು, ಮುಂದಿನ ಗಾಜಿನ ಸುತ್ತಲ ರಬ್ಬರ್ ಬೀಡಿಂಗ್ ಬಿರಿದಿರುತ್ತದೆ. ಎರಡು, ಬಾಗಿಲ ತಳದ ಅಂಚಿನಲ್ಲಿ ನೀರು ಇಳಿಯಲು ಸಣ್ಣ ಕಿಂಡಿಗಳಿವೆ, ಅವು ಎಲೆಪುಡಿ, ಕೆಮ್ಮಣ್ಣಿನಿಂದ ಕಟ್ಟಿಕೊಂಡಿರುತ್ತವೆ. ಒಂದು ಹಿಡಿಕಡ್ಡಿ ಸಾಕು ಬಿಡಿಸಲು. ಒಮ್ಮೆ ರಿಪ್ಪನ್‌ಪೇಟೆ ಕಡೆಯ ಒಂದು ಕಾರಿನ ಬಾಗಿಲ ಕಿಂಡಿ ಬಿಡಿಸಿದಾಗ ಕೆಂಪು ನೀರು ಚಹಾ ಸೋಸಿದ ಹಾಗೆ ಸುರಿಯಿತು, ಜತೆಗೊಂದು ಪುಟ್ಟ ಕಪ್ಪೆ. ಹಾಸನ್ನು ಬಿಸಿಲಿಗೆ ಹಾಕಿ. ಬಿಸಿಲು ಬರುವವರೆಗೆ ಕಾರಿಗೆ ಹಾಸು ಬೇಡ, ಬರೀ ತಗಡೇ ಇರಲಿ.

ಮೈದುನನ ಭಾನುವಾರದ ಐದು ನಿಮಿಷ ನಿಲ್ಲಿಸಿ. ಬೈಯಬೇಡಿ ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಓಡುವ ಕಾರಿನಲ್ಲಿ ಸೈಲೆನ್ಸರ್ ಕಾದು ಆ ನೀರು ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ನಿಲ್ಲಿಸಿದರೆ ನೀರು ಸೈಲೆನ್ಸರಿನಲ್ಲೇ ನಿಂತು ಒಳಗಿನಿಂದ ತುಕ್ಕು, ಇಂಜಿನ್ ಆಯಿಲಿನಲ್ಲೂ ಪಸೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ, ಒಳಗಡೆ ಮಜ್ಜಿಗೆ ಬೆಣ್ಣೆಯಂಥ ಬಿಳಿ ಜಿಡ್ಡು ಇದ್ದರೆ ಅದು ಇದರದ್ದೇ ಇರಬಹುದು. ಬ್ಯಾಟರಿಗೂ ಲಾಭ ಇಲ್ಲ. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟು ಐದು ನಿಮಿಷದಲ್ಲಿ ವಾಪಸ್ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು. ಇಲ್ಲವಾದರೆ ಮುಟ್ಟದೆ ಬಿಟ್ಟು ಬ್ಯಾಟರಿ ವೈರ್ ಕಳಚಿಡಬೇಕು.

ಮಳೆ ಬೆಳಗ್ಗೆ ಸ್ಟಾರ್ಟ್ ಆಗದ್ದಕ್ಕೆ ಮೊದಲು ಬ್ಯಾಟರಿ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದೆಯಾ ನೋಡಿ. ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿ ವ್ಯಾಸಲಿನ್ ಹಚ್ಚಿದರೆ ಎಷ್ಟೋ ಕಾರು ಅಲ್ಲೇ ಸರಿಹೋಗುತ್ತವೆ. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥ್ ವೈರಿನ ಬೋಲ್ಟನ್ನೂ ಬಿಚ್ಚಿ ಉಜ್ಜಿಸಿ. ಅದನ್ನು ನೋಡುವವರೇ ಕಮ್ಮಿ. ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಪ್ಲಗ್ ವೈರ್ ಮೇಲೆ ಅನುಮಾನ. ಒಂದು ಪರೀಕ್ಷೆ ಹೇಳುತ್ತೇನೆ. ರಾತ್ರಿ ಶೆಡ್ಡಿನ ಲೈಟು ಆರಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಓಡಿಸಿ, ಬಾನೆಟ್ ತೆಗೆದು ದೂರದಿಂದ ನೋಡಿ. ವೈರು ಬಿರುಕು ಬಿಟ್ಟಿದ್ದರೆ ಮಿಂಚುಹುಳದ ಹಾಗೆ ನೀಲಿ ಕಿಡಿ ಅಲ್ಲಲ್ಲಿ ಮಿಣುಕುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ತೇವದ ದಾರಿ ಹಿಡಿದು ಬಾಡಿಗೆ ಇಳಿಯುವುದು ಅದು. ಕೈ ಮಾತ್ರ ಹಾಕಬೇಡಿ, ಚೆನ್ನಾಗಿ ಹೊಡೆಯುತ್ತದೆ. ವೈರಿನ ಸೆಟ್ಟು, ಮೂರು ಪ್ಲಗ್ಗು ಹೊಸದು ಹಾಕಿಸಿ. ದೊಡ್ಡ ಖರ್ಚಲ್ಲ.

ಇಲಿ ಕಾಟ ಇದೆ ಅಂತ ನೀವು ಬರೆದಿಲ್ಲ. ಕೊಟ್ಟಿಗೆ ಪಕ್ಕದ ಶೆಡ್ಡು ಅಂದಮೇಲೆ ಇದ್ದೇ ಇರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ, ಅಡಿಕೆ ಸಿಪ್ಪೆ, ಹತ್ತಿ ಗೂಡು ಸಿಗಬಹುದು. ಹೊಗೆಸೊಪ್ಪು ಇಡುವುದು, ಫಿನಾಯಿಲ್ ಉಂಡೆ ಇಡುವುದು ವಾಸನೆ ಇರುವ ತನಕ ಅಷ್ಟೇ. ರಾತ್ರಿ ಬಾನೆಟ್ ತೆರೆದು ಶೆಡ್ಡಿನ ಒಂದು ಬಲ್ಬು ಉರಿಸಿಡುವುದು ಅದಕ್ಕಿಂತ ವಾಸಿ. ಬೆಚ್ಚಗೂ ಇಲ್ಲ, ಕತ್ತಲೂ ಇಲ್ಲ ಅಂದರೆ ಇಲಿಗೆ ಅಲ್ಲಿ ಕೆಲಸ ಇಲ್ಲ. ಭತ್ತದ ಮೂಟೆ, ಹಿಂಡಿ ಚೀಲ ಕಾರಿನ ಪಕ್ಕ ಇಡಬೇಡಿ.

ಇನ್ನು ಬ್ರೇಕು. ನೀವು ಹೊಸ ಡ್ರೈವರು, ಮೇಲಾಗಿ ಘಾಟಿ ಇಳಿಯುವವರು, ಹಾಗಾಗಿ ಇಲ್ಲಿ ಸ್ವಲ್ಪ ಕೂರೋಣ. ಹ್ಯಾಂಡ್‌ಬ್ರೇಕ್ ಹಿಡಿದುಕೊಳ್ಳುವುದಕ್ಕೆ ಕಾರಣ ಸರಳ. ಅದು ಹಿಂದಿನ ಚಕ್ರದ ಡ್ರಮ್ಮಿಗೆ ಶೂ, ಅಂದರೆ ಬಾಗಿದ ಬ್ರೇಕ್ ಪಟ್ಟಿ, ಒತ್ತಿ ನಿಲ್ಲಿಸುತ್ತದೆ. ಒದ್ದೆ ಡ್ರಮ್ಮಿಗೆ ಶೂ ಒತ್ತಿಕೊಂಡು ವಾರಗಟ್ಟಲೆ ನಿಂತರೆ ನಡುವೆ ತುಕ್ಕು ಬೆಳೆದು ಎರಡೂ ಅಂಟಿಕೊಳ್ಳುತ್ತವೆ. ಕೇಬಲ್ಲಿನ ಒಳಗೂ ತುಕ್ಕು. ಮಳೆಗಾಲದಲ್ಲಿ ಸಮತಟ್ಟು ಶೆಡ್ಡಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಫಸ್ಟ್ ಗೇರಿನಲ್ಲಿ ಇಟ್ಟು ಚಕ್ರಕ್ಕೆ ಎರಡೂ ಕಡೆ ಕಟ್ಟಿಗೆ ತುಂಡು ಕೊಡಿ. ಬೆಳಗ್ಗೆ ಕಟ್ಟಿಗೆ ತೆಗೆಯಲು ಮರೆಯಬೇಡಿ, ಕ್ಲಚ್ ಒತ್ತದೆ ಕೀ ತಿರುಗಿಸಬೇಡಿ. ಈಗ ಹಿಡಿದಿರುವ ಚಕ್ರವನ್ನು ರೇಸ್ ಕೊಟ್ಟು ಕಿತ್ತು ಬಿಡಿಸಬೇಡಿ, ಶೂವಿನ ಪಟ್ಟಿ ಕಳಚಿ ಬರುತ್ತದೆ. ಡ್ರಮ್ ಬಿಚ್ಚಿಸಿ, ಶೂ, ವೀಲ್ ಸಿಲಿಂಡರ್, ಕೇಬಲ್ ಮೂರನ್ನೂ ನೋಡಿಸಿ.

ಅದಕ್ಕಿಂತ ಮುಖ್ಯ ಬ್ರೇಕ್ ಆಯಿಲ್. ಇದು ಗಾಳಿಯಲ್ಲಿನ ಪಸೆಯನ್ನು ಉಪ್ಪಿನ ಹಾಗೆ ಹೀರುತ್ತದೆ. ಮಲೆನಾಡಿನ ಆಷಾಢದಲ್ಲಿ ಉಪ್ಪಿನ ಭರಣಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ, ಅದೇ. ಹೊಸ ಡಾಟ್ 3 ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ನೀರು ಹೀರಿದ ಮೇಲೆ 140ರ ಹತ್ತಿರಕ್ಕೆ ಇಳಿಯಬಹುದು. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ತುಳಿದು ಇಳಿದರೆ ಮುಂದಿನ ಚಕ್ರದ ಬ್ರೇಕ್ ಹಿಡಿಯುವ ಕ್ಯಾಲಿಪರ್ ಅಷ್ಟು ಕಾಯುವುದು ಕಷ್ಟವಲ್ಲ. ಆಯಿಲ್ ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅನ್ನುವುದು ರೂಢಿ. ನಮ್ಮ ಕಡೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿ. ನಿಮ್ಮ ಕಾರಿನದ್ದು ಈಗಲೇ ಪೂರ್ತಿ ತೆಗೆದು ಹೊಸದು ಹಾಕಿಸಿ, ಬರೀ ಮೇಲಿಂದ ತುಂಬಿಸುವುದಲ್ಲ.

ಇಳಿಯುವಾಗ ಸೆಕೆಂಡ್ ಗೇರ್. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಅಂತ ಹಳೇ ಬಸ್ ಡ್ರೈವರುಗಳು ಹೇಳುತ್ತಿದ್ದರು. ನ್ಯೂಟ್ರಲ್ ಹಾಕಿದರೆ ಪೆಟ್ರೋಲು ಉಳಿಯುತ್ತೆ ಅನ್ನುವುದು ಕಾರ್ಬೊರೇಟರ್ ಕಾಲದ ಲೆಕ್ಕ. ಎಂಪಿಎಫ್‌ಐ ಕಾರಿನಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆರದಿರಲು ಪೆಟ್ರೋಲು ಬೇಕು. ಉಳಿಯುವುದಲ್ಲ, ಖರ್ಚು. ಕೀ ತಿರುಗಿಸಿ ಇಂಜಿನ್ ಆರಿಸಿ ಇಳಿಯುವವರೂ ಇದ್ದಾರೆ. ಸ್ಟೇರಿಂಗ್ ಲಾಕ್ ಆದರೆ ಮುಂದಿನ ತಿರುವಿನಲ್ಲಿ ಗತಿ ಏನು? ಚಕ್ರದ ಕಡೆಯಿಂದ ಸುಟ್ಟ ರಬ್ಬರಿನ ವಾಸನೆ ಬಂದಂತಾದರೆ ಘಾಟಿಯ ಗುಡಿ ಹತ್ತಿರ ನಿಲ್ಲಿಸಿ, ಕೈ ಮುಗಿದು, ಕಾಲು ಗಂಟೆ ಕೂತು ಹೋಗಿ. ಕಾದ ಚಕ್ರಕ್ಕೆ ನೀರು ಎರಚಬೇಡಿ.

ಹತ್ತುವಾಗ ಬಿಸಿ ಆಗುವುದಕ್ಕೆ ಒಂದೇ ಮಾತು. ರೇಡಿಯೇಟರಿಗೆ ಬಾವಿ ನೀರು, ಹಳ್ಳದ ನೀರು ಬೇಡ, ಕೂಲೆಂಟ್ ಹಾಕಿಸಿ. ಫ್ಯಾನ್ ತಿರುಗುತ್ತದೆಯಾ ನೋಡಿಸಿ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ.

ಮನೆ ದಾರಿ ಕೆಮ್ಮಣ್ಣಿನ ಏರು ಆಗಿದ್ದರೆ ಒಂದು ವಿಷಯ ಗೊತ್ತಿರಲಿ. 800ರಲ್ಲಿ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರ ಹಗುರ ಆಗುತ್ತದೆ, ಜಾರಿ ಸುಮ್ನೆ ತಿರುಗುತ್ತದೆ. ಅದಕ್ಕೇ ನಮ್ಮ ಕಡೆಯವರು ಜಾರುವ ಏರನ್ನು ರಿವರ್ಸಿನಲ್ಲಿ ಹತ್ತಿಸುವುದು. ನೋಡಿದವರು ನಗುತ್ತಾರೆ, ಲೆಕ್ಕ ಮಾತ್ರ ಸರಿ ಇದೆ. ನೀವು ಇನ್ನೂ ಕೈ ಪಳಗುವವರೆಗೆ ಮಾಡಬೇಡಿ, ಕಾರನ್ನು ರಸ್ತೆ ಬದಿಯಲ್ಲೇ ಬಿಟ್ಟು ನಡೆದು ಬನ್ನಿ. ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 1418 ಅಂದರೆ 2018ರ 14ನೇ ವಾರ. ನಿಮ್ಮ ಟೈರು ಸವೆಯದೇ ಇದ್ದರೂ ಹಳೇ ಅಂಕಿ ಇದ್ದರೆ ನಾಲ್ಕೂ ಬದಲಾಯಿಸಿ.

ನಿಮ್ಮ ಮನೆಯವರ ಮಾತಿಗೆ ಬರೋಣ. ಪೆಟ್ರೋಲಿನ ವಿಷಯದಲ್ಲಿ ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥನಾಲ್ ಬೆರೆತ ಇ20. ನಿಮ್ಮ ಕಾರನ್ನು ಅದಕ್ಕೆ ಅಂತ ಮಾಡಿಲ್ಲ. ಹಾಗಂತ ಇಂಜಿನ್ ಮರುದಿನ ಸೀಜ್ ಆಗುವುದೂ ಇಲ್ಲ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಮ್ಮಿ. ಆ ಲೆಕ್ಕದಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿದರೆ ಗಾಬರಿಯಾಗಬೇಡಿ. ನಿಜವಾದ ತೊಂದರೆ ಎರಡು. ಹಳೇ ರಬ್ಬರ್ ಪೈಪು, ಸೀಲುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲು ತೊಟ್ಟಿಕ್ಕುವುದು ಬೆಂಕಿಯ ವಿಷಯ. ಟ್ಯಾಂಕಿನಿಂದ ಇಂಜಿನ್ ತನಕ ರಬ್ಬರ್ ಪೈಪು ಎಲ್ಲಾ ಬದಲಾಯಿಸಿ, ಕ್ಲಿಪ್ ಸಮೇತ. ಎರಡನೆಯದು ನಮ್ಮ ಹವೆಗೆ ಸೇರಿದ್ದು. ಎಥನಾಲ್ ನೀರು ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು, ಎಥನಾಲ್ ಸೇರಿ ತಳಕ್ಕೆ ಇಳಿದುಬಿಡುತ್ತದೆ. ಪಂಪ್ ಎಳೆಯುವುದು ತಳದಿಂದಲೇ. ನಿಮ್ಮ ಟ್ಯಾಂಕಿನಲ್ಲಿ ಈಗ ಇರುವ ಹಳೇ ಪೆಟ್ರೋಲು ಪೂರ್ತಿ ಇಳಿಸಿ, ಫಿಲ್ಟರ್ ಬದಲಾಯಿಸಿ. ಮುಂದೆ ಬೇಸಿಗೆ ರಜೆಯಲ್ಲಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. 28 ಲೀಟರಿನ ಟ್ಯಾಂಕು, ಭಾರ ಆಗಲ್ಲ.

15 ವರ್ಷಕ್ಕೆ ಸರ್ಕಾರ ಪುಡಿ ಮಾಡುತ್ತದೆ ಅನ್ನುವುದು ದೆಹಲಿಯ ಸುದ್ದಿ ನಮ್ಮೂರಿಗೆ ಬಂದು ಸೇರಿದ್ದು. ಪೆಟ್ರೋಲು ಕಾರಿಗೆ 15, ಡೀಸೆಲ್‌ಗೆ 10 ವರ್ಷ ಅನ್ನುವುದು ಅಲ್ಲಿಯ ಮತ್ತು ಸುತ್ತಲಿನ ಪ್ರದೇಶದ ಮಾತು. ನಮ್ಮಲ್ಲಿ ಕಾರನ್ನು ತೋರಿಸಿ, ತಪಾಸಣೆಯಲ್ಲಿ ಪಾಸಾದರೆ ಆರ್‌ಸಿಗೆ ಮತ್ತೆ ಐದು ವರ್ಷ ಸಿಗುತ್ತದೆ. ನಿಮ್ಮದಕ್ಕೆ 2021ರಲ್ಲಿ ಒಮ್ಮೆ ಹಾಗೆ ಸಿಕ್ಕಿದೆ. ಶುಲ್ಕ ಮಾತ್ರ ಜಾಸ್ತಿ ಆಗಿದೆ. 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಮುಗಿಯುವ 60 ದಿನ ಮುಂಚೆಯಿಂದ ಅರ್ಜಿ ಹಾಕಬಹುದು. ನಂಬರ್ ಕೆಎ-15 ಆಗಿದ್ದರೆ ಸಾಗರದ ಆಫೀಸು, ಕೆಎ-14 ಆದರೆ ಶಿವಮೊಗ್ಗ. ಅರ್ಜಿಗೆ ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಮೊದಲು ತುಕ್ಕಿನ ಪರೀಕ್ಷೆ, ಆಮೇಲೆ ಈ ದುಡ್ಡು. ಉಲ್ಟಾ ಮಾಡಿಕೊಂಡು ಬಂದವರನ್ನು ಕಂಡಿದ್ದೇನೆ.

ಹಾಗಾದರೆ ಏನು ಮಾಡುವುದು? ನೆಲ, ಸಸ್ಪೆನ್ಶನ್ ಜಾಗ ಗಟ್ಟಿ ಇದ್ದು ಡಿಕ್ಕಿಯ ತೂತೊಂದೇ ಆಗಿದ್ದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ಖರ್ಚು ಗುಜರಿ ಬೆಲೆಗಿಂತ ಜಾಸ್ತಿಯೇ ಬರುತ್ತದೆ, ಮಾರುವಾಗ ವಾಪಸ್ ಬರುವುದಿಲ್ಲ. ಅದು ಮೊದಲೇ ಗೊತ್ತಿರಲಿ. ಆದರೆ ಆ ದುಡ್ಡಿಗೆ ಓಡಾಡಲು ಬೇರೆ ಕಾರು ಸಿಗುವುದೂ ಇಲ್ಲ. ಇನ್ನೊಂದನ್ನು ಬಾಯಿ ಬಿಟ್ಟು ಹೇಳಬೇಕು. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹಳ್ಳಿ ರಸ್ತೆಯಲ್ಲಿ 40ರಲ್ಲಿ ಶಾಲೆಗೆ ಹೋಗಿ ಬರಲು ನಾನು ಸರಿ ಅನ್ನುತ್ತೇನೆ. ಮಕ್ಕಳನ್ನು ತುಂಬಿಕೊಂಡು ಹೈವೇಯಲ್ಲಿ ಬೆಂಗಳೂರಿಗೆ ಬೇಡ. ಕುಂದಾಪುರಕ್ಕೂ ಮೊದಲ ಮಳೆಗಾಲ ಕಳೆಯುವವರೆಗೆ ಬಸ್ಸೇ ಇರಲಿ.

ಬಾಗಿಲ ಕೆಳಗಿನ ಪಟ್ಟಿಗಳೂ ಕೊಳೆತಿದ್ದರೆ ಟಿಂಕರಿಂಗ್ (ತಗಡಿನ ಕೆಲಸ) ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಬ್ರೇಕು ಟೈರು ಮಾತ್ರ ಸರಿ ಮಾಡಿ ಒಂದು ವರ್ಷ ತಳ್ಳೋಣ ಅನ್ನುವ ಮಧ್ಯದ ದಾರಿ ಕೆಲವರು ಹಿಡಿಯುತ್ತಾರೆ. ಹೇಗೂ ಐದು ವರ್ಷದ ಶುಲ್ಕ ಕಟ್ಟಬೇಕು, ಹಾಗಾಗಿ ನಿಮಗೆ ಅದು ನಷ್ಟದ ಬಾಬತ್ತು. ಆಗ ಕೊಟ್ಟುಬಿಡಿ. ಆದರೆ ಮನೆ ಬಾಗಿಲಿಗೆ ಬಂದ ಗುಜರಿಯವನಿಗೆ 22 ಸಾವಿರ ಎಣಿಸಿಕೊಂಡು ಕೀ ಕೊಡಬೇಡಿ. ಆರ್‌ಸಿ ರದ್ದಾಗದಿದ್ದರೆ ಕಾರು ಕಾಗದದಲ್ಲಿ ಮಾವನವರದ್ದೇ. ಅದರ ನಂಬರಿನಲ್ಲಿ ನಾಳೆ ಏನು ನಡೆದರೂ ಪೊಲೀಸರು ಬರುವುದು ನಿಮ್ಮ ಅಂಗಳಕ್ಕೆ. ಸರ್ಕಾರದಲ್ಲಿ ನೋಂದಣಿ ಆಗಿರುವ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟ್ ಕೊಡುತ್ತಾರೆ, ಅದರ ಮೇಲೆ ಆರ್‌ಸಿ ರದ್ದು ಮಾಡಿಸಬಹುದು. ಇಟ್ಟುಕೊಳ್ಳುವುದಾದರೂ ಅಷ್ಟೇ. ಮಾವನವರ ಸಹಿ ಹಾಕಿಸಿ ಫಾರಂ 29, 30 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇನ್ಶೂರೆನ್ಸೂ ಅದೇ ಹೆಸರಿಗೆ.

ಶೆಡ್ಡಿನಿಂದ ಓಡಿಸಿಕೊಂಡು ಬರಬೇಡಿ, ಬ್ರೇಕ್ ನಂಬುವ ಹಾಗಿಲ್ಲ. ಪಿಕಪ್ಪಿನಲ್ಲಿ ಹೇರಿಕೊಂಡು ಬನ್ನಿ. ಹೊರಡುವ ಮುಂಚೆ ಮಾವನವರನ್ನು ಒಂದು ಮಾತು ಕೇಳಿ. ಈ ಇಂಜಿನ್ನಿನೊಳಗೆ ಹಲ್ಲಿರುವ ರಬ್ಬರ್ ಬೆಲ್ಟ್ ಒಂದಿದೆ, ಟೈಮಿಂಗ್ ಬೆಲ್ಟ್ ಅನ್ನುತ್ತಾರೆ. ಅದು ಹರಿದರೆ ಕಾರು ಇದ್ದಲ್ಲೇ ಆರುತ್ತದೆ, ಘಾಟಿಯ ತಿರುವಿನಲ್ಲಾದರೂ ಸರಿ. ಅದು ಕಿ.ಮೀ.ಗೆ ಮಾತ್ರವಲ್ಲ, ವಯಸ್ಸಿಗೂ ಹಳೆಯದಾಗುತ್ತದೆ. ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ಅವರ ವಯಸ್ಸಿನವರು ಇಂಥದ್ದನ್ನೆಲ್ಲ ಅಡಿಕೆ ಲೆಕ್ಕದ ಪುಸ್ತಕದಲ್ಲೋ ಪಂಚಾಂಗದ ಹಿಂದಿನ ರಟ್ಟಿನಲ್ಲೋ ಬರೆದಿಟ್ಟಿರುತ್ತಾರೆ. ಎಲ್ಲೂ ಸಿಗಲಿಲ್ಲ ಅಂದರೆ ಬದಲಾಯಿಸೇ ಇಲ್ಲ ಅಂತ ಇಟ್ಟುಕೊಂಡು ಮೊದಲು ಅದನ್ನು ಹಾಕಿಸಿ.